ಬದುವಿನ ಪಕ್ಕದ ಜಾಗ

ಜಪಾನಿಗೆ ಒಂದು ಬೆಳೆಯ ಮಟ್ಟಿಗೆ ಭತ್ತದ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಭರಮಸಾಗರದಲ್ಲಿ ನಕ್ಕವರೇ ಹೆಚ್ಚು. ಕೆರೆಯ ಕೆಳಗೆ ಇಷ್ಟು ಗದ್ದೆ ಇರುವಾಗ ಕೆಸರು ತುಳಿಯಲು ವಿಮಾನ ಹತ್ತಬೇಕೇ ಎಂದು ಕೇಳಿದರು. ಹತ್ತಬೇಕು ಎಂದೆ. ನಾಟಿಯಲ್ಲಿ ನನ್ನನ್ನು ಹಿಂದೆ ಹಾಕುವ ಕೈ ಈ ಸೀಮೆಯಲ್ಲಿ ಇಲ್ಲ. ಜಂಬವಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ದುರ್ಗದ ತರಬೇತಿ ಕೇಂದ್ರಕ್ಕೆ ಬಸ್ಸಿನಲ್ಲಿ ಓಡಾಡಿ ಅವರ ಭಾಷೆಯನ್ನೂ ಕಲಿತೆ. ಅಲ್ಲಿ ನಾಟಿ ಮಾಡುವುದು ಯಂತ್ರವಂತೆ. ಆದರೆ ಯಂತ್ರ ತಿರುಗಲಾರದ ಮೂಲೆಗಳಿಗೆ ಮನುಷ್ಯರ ಕೈಯೇ ಬೇಕಂತೆ. ಜಪಾನಿನ ಮೂಲೆಗಳೆಲ್ಲ ನನಗಾಗಿಯೇ ಕಾದಿವೆ ಎಂದು ನಂಬಿಬಿಟ್ಟೆ.

ಗಂಡ ಬೇಡವೆನ್ನಲಿಲ್ಲ. ಅವನ ಚಿಂತೆಯೆಲ್ಲ ಮುದ್ದೆಯದು. ಮೂರು ಹೊತ್ತೂ ಅನ್ನ ತಿಂದು ಬಗ್ಗಿ ಕೆಲಸ ಮಾಡಲು ಆಗುತ್ತದೆಯೇ ಎಂದು ದಿನಾ ಕೇಳುತ್ತಿದ್ದ. ರಾಗಿಹಿಟ್ಟು ಒಯ್ಯಲು ಬಿಡುತ್ತಾರೋ ಇಲ್ಲವೋ ಎಂದು ಊರೆಲ್ಲ ವಿಚಾರಿಸಿ ಬಂದ.

ನನ್ನ ಚಿಂತೆ ಬೇರೆ. ನಮ್ಮ ನಾಟಿ ಗುಂಪನ್ನು ಕಟ್ಟಿದವಳು ನಾನು. ಯಾರ ಗದ್ದೆಗೆ ಯಾವ ದಿನ ಇಳಿಯಬೇಕು ಎಂದು ಹೇಳುವವಳು ನಾನು. ಗದ್ದೆಯಲ್ಲಿ ಬದುವಿನ ಪಕ್ಕದ ಜಾಗ ನನ್ನದು. ಅಲ್ಲಿ ನಿಂತವಳ ಕೈ ಎಷ್ಟು ಬೇಗ ಓಡುತ್ತದೋ ಅಷ್ಟು ಬೇಗ ಉಳಿದವರ ಕೈ ಓಡಬೇಕು. ಅವಳು ಸೊಂಟ ಎತ್ತುವವರೆಗೆ ಯಾರೂ ಎತ್ತುವಂತಿಲ್ಲ. ಹೋಗುವ ಮುಂಚೆ ಅದನ್ನು ವಾರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ, ವಹಿಸಿದೆ. ನಾನು ಬರುವವರೆಗೆ ನೋಡಿಕೋ, ಬಂದ ಮೇಲೆ ನನಗೆ ಬಿಡು ಎಂದೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಮಾತಿಗೆ ಯಾರಾದರೂ ಸುಮ್ಮನಿದ್ದರೆ ಒಪ್ಪಿದರು ಎಂದೇ ನನ್ನ ಲೆಕ್ಕ.

ಆ ಸಲ ಬೇಸಿಗೆ ಭತ್ತದ ನಾಟಿ ತಡವಾಗಿತ್ತು. ಹೊರಡುವ ಹಿಂದಿನ ದಿನವೂ ಗುಂಪು ಕೆಲಸದಲ್ಲಿತ್ತು. ಬ್ಯಾಗು ತುಂಬಿಯಾಗಿತ್ತು, ಮನೆಯಲ್ಲಿ ಕೂರಲಾಗದೆ ಬೆಳಿಗ್ಗೆಯೇ ಗದ್ದೆಗೆ ಹೋದೆ. ವಾರಗಿತ್ತಿ ಬದುವಿನ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ಸರಿಯುತ್ತಾಳೆ ಎಂದುಕೊಂಡು ಸೀರೆ ಎತ್ತಿ ಕಟ್ಟಿದೆ. ಸರಿಯಲಿಲ್ಲ. ನಡುವೆ ಜಾಗ ಇದೆ, ಅಲ್ಲಿ ಇಳಿ ಎಂದಳು. ಉಳಿದವರೆಲ್ಲ ಸಸಿಯ ಕಟ್ಟು ಬಿಚ್ಚುವುದರಲ್ಲಿ ಇದ್ದಕ್ಕಿದ್ದಂತೆ ಬಹಳ ಮಗ್ನರಾದರು.

ನಡುವೆ ಇಳಿದೆ. ನನಗೂ ಒಂದು ಸೊಂಟವಿದೆ ಎಂದು ಅವತ್ತು ಗೊತ್ತಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಅನ್ನಬಾರದಲ್ಲ ಎಂದು ಹಲ್ಲು ಕಚ್ಚಿದೆ. ಅವಳ ಸಾಲಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬುತ್ತಿ ಬಿಚ್ಚುವ ಹೊತ್ತಿಗೆ ಗದ್ದೆಯ ಯಜಮಾನ ಬಂದ. ನಾಳೆ ಕೆಳಗಿನ ಮಡಿಗೂ ಬರುತ್ತೀರಾ ಎಂದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ನಾಳೆ ಆಗಲ್ರಿ, ನಾಡಿದ್ದು ಬರ್ತೀವಿ. ಮಡಿ ಸಮ ಮಾಡ್ಸಿರ್ರಿ, ದಿಬ್ಬ ಇದ್ರೆ ಇಳಿಯಲ್ಲ" ಎಂದಳು. ಅವನು ಆಗಲಿ ಎಂದು ಹೋದ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಆಗಲ್ಲ ಎಂದು ನಾನು ಒಂದು ದಿನವೂ ಹೇಳಿದವಳಲ್ಲ.

ಕಾಲುವೆಯಲ್ಲಿ ಕೈ ತೊಳೆಯುವಾಗ ಅವಳು ನನ್ನ ಪಕ್ಕ ಬಂದು ಕುಂತಳು.

"ಅಕ್ಕ, ನೀನು ಬಂದ್ ಮೇಲೂ ಈ ಜಾಗ ನಾನು ಬಿಡಲ್ಲ. ಆಮೇಲೆ ಮೋಸ ಮಾಡಿದ್ಲು ಅನ್ಬ್ಯಾಡ, ಅದ್ಕೇ ಈಗ್ಲೇ ಹೇಳ್ತಿದೀನಿ."

ಮೈಯೆಲ್ಲ ಉರಿಯಿತು. ಅಳುವೂ ಬಂತು, ನುಂಗಿಕೊಂಡೆ. ಜಪಾನಿಗೆ ಹೋಗುವುದಿಲ್ಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಜಾಗ ನನಗೇ ಉಳಿಯುತ್ತಿತ್ತು. ಅವಳಿಗೂ ಅದು ಗೊತ್ತಿತ್ತು. ನಾನು ವಿಮಾನ ಹತ್ತುವ ತನಕ ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಯಾವ ಅಪಾಯವೂ ಇರಲಿಲ್ಲ. ಆದರೂ ನನಗೆ ಆರಿಸಿಕೊಳ್ಳಲು ಅರ್ಧ ದಿನ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

"ಇಟ್ಕ, ನೀನೇ ಇಟ್ಕ. ನಾನು ನಾಳೆ ಹೊರಡ್ತೀನಿ" ಎಂದೆ.

ಊಟವಾದ ಮೇಲೆ ಅವಳೇ ಕರುಣೆ ತೋರಿಸಿ, ಅಕ್ಕ, ಇವತ್ತೊಂದಿನ ಬದುವಿನ ಕಡೆ ನೀನೇ ನಿಂತುಕೋ ಎಂದಳು. ಬೇಡವೆಂದು ಮತ್ತೆ ನಡುವೆಯೇ ಇಳಿದೆ. ಇನ್ನು ಜಪಾನಿನ ಆ ಊರಿನಲ್ಲಿ ನನ್ನನ್ನು ಅಕ್ಕ ಎನ್ನುವವರಿಲ್ಲ. ಯಾರೋ ಹೇಳಿದ ಕಡೆ ಬಗ್ಗಬೇಕು, ಅವರು ಏಳು ಅಂದಾಗ ಏಳಬೇಕು. ಅದನ್ನು ಕಲಿಯಲು ನನಗೆ ಉಳಿದದ್ದು ಆ ಮಧ್ಯಾಹ್ನ ಮಾತ್ರ.