ಬೆಲ್ಲಕ್ಕೆ ಹೇಳುತ್ತಿದ್ದ ಮಾತು

ಆಗೆಲ್ಲ ದೊಡ್ಡವರು ಮಕ್ಕಳ ಕೈಗೆ ತಿನ್ನೋಕೆ ಏನನ್ನಾದರೂ ಇಡುವ ಮೊದಲು ಒಂದಾಟ ಆಡಿಸದೆ ಬಿಡುತ್ತಿರಲಿಲ್ಲ, ನಿಮಗೂ ನೆನಪಿರಬೇಕು. ಒಬ್ಬರಿಗೆ ಹಾಡು ಅನ್ನುವರು, ಇನ್ನೊಬ್ಬರಿಗೆ ಕುಣಿ ಅನ್ನುವರು. ನಾನು ಹುಡುಗಿ, ನನಗೆ ಮಾತ್ರ ಯಾವಾಗಲೂ ಅಜ್ಜಿಯದು ಒಂದೇ ಪ್ರಶ್ನೆ.

"ಯಾರೆಂಡ್ತಿ ಮಗ ನೀನು?"

"ಮಾವನೆಂಡ್ತಿ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವರು. ಅಜ್ಜಿ ಬೆಲ್ಲ ಕೊಡುವಳು. ಎಪ್ಪತ್ತರ ದಶಕದ ಮಾತು ಇದು. ನಮ್ಮ ಮನೆ ಮಳವಳ್ಳಿಯಲ್ಲಿ, ಅಜ್ಜಿಯ ಮನೆ ಆತಗೂರಿನ ಪಕ್ಕದ ಹಳ್ಳಿಯಲ್ಲಿ. ಮಾವ ಅಂದರೆ ಅಮ್ಮನ ಕೊನೆಯ ತಮ್ಮ ಪುಟ್ಟಸ್ವಾಮಿ, ನನಗಿಂತ ಹನ್ನೊಂದು ವರ್ಷ ದೊಡ್ಡವನು. ಸೈಕಲ್ಲಿನ ಕಂಬಿಗೆ ಟವೆಲ್ ಸುತ್ತಿ, ನನ್ನನ್ನು ಮುಂದೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಸುತ್ತಿಸುತ್ತಿದ್ದ. ಅವನನ್ನು ಕಂಡರೆ ನನಗೆ ಪ್ರಾಣ. ನಾನು ಹೇಳುತ್ತಿದ್ದ ಮಾತಿನ ಅರ್ಥ ಯಾವಳಿಗೆ ಬೇಕಿತ್ತು?

ನನಗೆ ಹತ್ತು ತುಂಬಿದ ವರ್ಷ ಸಂಕ್ರಾಂತಿಗೆ ಹೋದಾಗ, ಅಜ್ಜಿಯ ಅಡುಗೆಮನೆಯಲ್ಲಿ ದೊಡ್ಡಮ್ಮನ ಮಗಳು ಸಾವಿತ್ರಕ್ಕ ಒಲೆ ಊದುತ್ತಿದ್ದಳು. ಒಂಬತ್ತನೇ ಕ್ಲಾಸು ಬಿಡಿಸಿ ಅವಳನ್ನು ದೊಡ್ಡ ಮಾವನಿಗೆ ಮದುವೆ ಮಾಡಿದ್ದರು. ಲೆಕ್ಕದಲ್ಲಿ ಸ್ಕೂಲಿಗೇ ಮೊದಲಿದ್ದವಳು.

"ಸ್ಕೂಲಿಗೆ ಇನ್ನು ಹೋಗಲ್ವೇನಕ್ಕ?"

"ಇನ್ನೆಲ್ಲಿ ಸ್ಕೂಲು, ಬುಡು. ನಾನೂ ನಿನ್ನಂಗೇ ಅಜ್ಜಿ ಕೇಳ್ದಾಗೆಲ್ಲ ಮಾವನೆಂಡ್ತಿ ಅಂದು ಬೆಲ್ಲ ತಿಂದೋಳು ಕಣೇ."

ಹೊಗೆಗೋ ಏನೋ, ಸೆರಗಲ್ಲಿ ಕಣ್ಣೊರೆಸಿಕೊಂಡಳು. ನನಗೆ ಆವತ್ತೆಲ್ಲ ಊಟ ಸೇರಲಿಲ್ಲ.

ಮಾರನೇ ದಿನ ಅಜ್ಜಿಯ ಆಲೆಮನೆಯಲ್ಲಿ ಬೆಲ್ಲ ಇಳಿಸುತ್ತಿದ್ದರು. ಕೊಪ್ಪರಿಗೆಯ ಘಮ ತಲೆಗೂದಲಿಗೆಲ್ಲ ಅಂಟಿತ್ತು. ಅಜ್ಜಿ ಮುತ್ತುಗದ ಎಲೆಗೆ ಬಿಸಿ ಬೆಲ್ಲ ಹಾಕಿ, ಮೇಲೆ ಕೊಬ್ಬರಿ ತುರಿ ಉದುರಿಸಿ ನನ್ನ ಮುಂದೆ ಹಿಡಿದಳು. ಪಕ್ಕದಲ್ಲಿ ಅಮ್ಮ, ಊರಿನ ಹಿರಿಯರೊಬ್ಬರು ಕೂತಿದ್ದರು.

"ಪುಟ್ಟಸ್ವಾಮಿಗೆ ಇವಳೇ ಅಂತ ಇವತ್ತೇ ಮಾತು ಮುಗಿಸ್ಬುಡಾಣ ಕಣವ್ವ, ಮದ್ವೆ ಆಮೇಲ್ ನೋಡಾಣ. ಮಗಿನ್ ಬಾಯಲ್ಲೇ ಬರ್ಲಿ" ಅಂದರು.

"ಯಾರೆಂಡ್ತಿ ಮಗ ನೀನು?" ಅಜ್ಜಿ ಕೇಳಿದಳು.

ಬಾಯಲ್ಲಿ ನೀರೂರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

"ಯಾರೆಂಡ್ತೀನೂ ಅಲ್ಲ."

ಎಲ್ಲರೂ ನಕ್ಕರು. ಅಜ್ಜಿ ಮತ್ತೆ ಕೇಳಿದಳು.

"ಅಲ್ಲ ಅಂದ್ನಲ್ಲ! ನಾನು ಸ್ಕೂಲಿಗೋಯ್ತೀನಿ. ಇನ್ಮೇಲೆ ನನ್ನ ಅಂಗೆ ಕೇಳ್ಬ್ಯಾಡಿ."

ನಗು ನಿಂತುಹೋಯಿತು. ಅಮ್ಮ ನನ್ನ ತೊಡೆ ಚಿವುಟಿದಳು. ಗಾಣದ ಹತ್ತಿರ ಇದ್ದ ಪುಟ್ಟಸ್ವಾಮಿ ಮಾವ ತಲೆ ತಗ್ಗಿಸಿ ಕಬ್ಬಿನ ಸಿಪ್ಪೆ ಕೆದಕುತ್ತ ನಿಂತ.

"ನೋಡ್ದಾ ಈ ಮುಂಡೇದರ ಕೊಬ್ಬ! ಮಾವನೆಂಡ್ತಿ ಅಂತ ಏಳ್ದಿದ್ರೆ ಬೆಲ್ಲ ಇಲ್ಲ ಕಣೇ" ಅಂದಳು ಅಜ್ಜಿ.

"ಬ್ಯಾಡ ಬುಡು."

ಹೇಳಿದವಳೇ ಎದ್ದು ನಡೆದೆ. ಕಬ್ಬಿನ ಗದ್ದೆಯ ತಿರುವು ದಾಟುವವರೆಗೆ ಬೆನ್ನು ನೆಟ್ಟಗಿತ್ತು. ಆಮೇಲೆ ಬದುವಿನ ಮೇಲೆ ಕೂತು ಗೋಳೋ ಅಂತ ಅತ್ತೆ.

ಮದುವೆಯ ಮಾತು ಅಲ್ಲಿಗೇ ಮುರಿಯಿತು. ಅಜ್ಜಿ ಇದ್ದಷ್ಟು ದಿನವೂ ಮತ್ತೆ ನನ್ನನ್ನು ಮಡಿಲಿಗೆ ಕರೆಯಲಿಲ್ಲ. ಜನ ಏನನ್ನುತ್ತಾರೋ ಅಂತ ಮಾವ ಸೈಕಲ್ಲಿಗೂ ಹತ್ತಿಸಲಿಲ್ಲ. ಎರಡನ್ನೂ ನೆನೆದರೆ ಈಗಲೂ ಸಂಕಟವಾಗುತ್ತದೆ. ಹಾಗಂತ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೀಯಾ ಅಂದರೆ, ಇಲ್ಲ, ಈಗ ಕೇಳಿದರೂ ಅದೇ ಉತ್ತರ. ನಾನು ಓದಿದೆ, ನನಗೆ ಬೇಕೆನಿಸಿದಾಗ ಬೇಕಾದವನನ್ನು ಮದುವೆಯಾದೆ.

ಆ ಆಲೆಮನೆ ಇವತ್ತು ಇಲ್ಲ. ಅಜ್ಜಿ ಇಲ್ಲ, ಸಾವಿತ್ರಕ್ಕನೂ ಹೋದಳು. ಅವತ್ತು ನಾನು ಬದುವಿನ ಮೇಲೆ ಅಳುತ್ತ ಕೂತಿದ್ದಾಗ ಯಾರ ಕಣ್ಣಿಗೂ ಬೀಳದ ಹಾಗೆ ಓಡಿಬಂದವಳು ಅವಳು. ಸೆರಗಿನ ಒಳಗಿಂದ ಮುತ್ತುಗದ ಎಲೆ ತೆಗೆದಳು. ಬೆಲ್ಲ ಇನ್ನೂ ಬಿಸಿ ಇತ್ತು.

"ತಿನ್ನು ಮಗ," ಅಂದಳು. "ಏನೂ ಏಳ್ಬ್ಯಾಡ."