ಗಾಜಕ್ಕನ ಎಡಬಲ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವಳು ಅತ್ತೆಯ ಕನ್ನಡಕವನ್ನು ಸೋಪಿನ ನೀರಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತಾನೇ ಅವರ ಮೂಗಿನ ಮೇಲೆ ಕೂರಿಸುತ್ತಾಳೆ. ಜ್ವರದಲ್ಲಿ ಮೈ ಕಾಯುತ್ತಿರಲಿ, ಬಸ್ಸು ತಪ್ಪಲಿ, ಇದು ತಪ್ಪುವುದಿಲ್ಲ. ‘ಈಗ ಕಾಣಿಸ್ತು ನೋಡು ನಿನ್ನ ಮುಖ’ ಎಂದು ಅತ್ತೆ ದಿನವೂ ಹೇಳುತ್ತಾರೆ. ದಿನವೂ ಇಬ್ಬರೂ ಅದಕ್ಕೇ ನಗುತ್ತಾರೆ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ಅದೇ ಕಿಟಕಿ, ಅದೇ ಮೇಜು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಗಾಜಕ್ಕ. ಅಂಚು ಉಜ್ಜಿದ ಗಾಜನ್ನು ಫ್ರೇಮಿಗೆ ಒತ್ತಿದಾಗ ಟಿಕ್ ಎಂದು ಕೂರುತ್ತದಲ್ಲ, ಆ ಸದ್ದು ಕೇಳಿದರೆ ಅವಳಿಗೆ ಹೊಟ್ಟೆ ತುಂಬಿದ ಹಾಗೆ.

ಹೋದ ವರ್ಷ ಒಂದು ತಪ್ಪಾಯಿತು. ಬೇರೆ ಫ್ರೇಮುಗಳಲ್ಲಿ ಬಲಗಣ್ಣಿನ ಗಾಜು ಎಡಕ್ಕೆ ಕೂರುವುದೇ ಇಲ್ಲ. ಗುಂಡು ಫ್ರೇಮಿನಲ್ಲಿ ಮಾತ್ರ ಎರಡರ ಆಕಾರವೂ ಒಂದೇ. ನಿವೃತ್ತ ಮೇಷ್ಟ್ರೊಬ್ಬರ ಗುಂಡು ಕನ್ನಡಕದಲ್ಲಿ ಗಾಜು ಅದಲುಬದಲಾಯಿತು. ಅವರು ಹತ್ತು ದಿನ ಅದನ್ನೇ ಹಾಕಿಕೊಂಡು ಓಡಾಡಿ, ಮೆಟ್ಟಿಲು ತಪ್ಪಿ, ಕಾಲು ಉಳುಕಿಸಿಕೊಂಡು ಬಂದರು. ‘ನಾನು ಸುಮ್ನೆ ನನ್ನ ವಯಸ್ಸಿಗೆ ಬೈಕೊಂಡೆನಲ್ಲಮ್ಮ’ ಎಂದು ನಕ್ಕರು ಬೇರೆ. ನಾಲ್ಕು ಮಾತು ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆ ನಗು ಅವಳೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು.

ಅಂದಿನಿಂದ ಕನ್ನಡಕ ಕೈಬಿಟ್ಟ ಕೂಡಲೇ ತಲೆಯೊಳಗೆ ಒಂದೇ ಮಾತು: ಎಡಬಲ ಸರಿಯಾಗಿತ್ತಾ? ನಂಬರು ಅಳೆಯುವ ಯಂತ್ರದಲ್ಲಿ ಒಮ್ಮೆ ನೋಡಿದರೆ ಸಾಲದು, ಎಂಟು ಸಲ, ಒಂಬತ್ತು ಸಲ ನೋಡಬೇಕು. ಆಮೇಲೂ ಗಿರಾಕಿಗೆ ಫೋನು ಮಾಡಿ ವಾಪಸು ಕರೆಸುತ್ತಿದ್ದಳು. ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಆ ಸಮಾಧಾನ ಅರ್ಧ ಗಂಟೆ ನಿಂತರೆ ಹೆಚ್ಚು. ‘ಗಾಜಕ್ಕ, ಚಪ್ಪಲಿ ಸರಿಯಾದ ಕಾಲಿಗೇ ಹಾಕಿದೀಯಾ, ನೋಡ್ಕೊ’ ಎಂದು ಪಕ್ಕದ ಮೇಜಿನ ರಿಪೇರಿಯಣ್ಣ ಕಿಚಾಯಿಸಿದರೆ, ಅವಳು ನಿಜಕ್ಕೂ ಬಗ್ಗಿ ನೋಡಿಕೊಳ್ಳುತ್ತಿದ್ದಳು.

ಕೊನೆಗೆ ಅಂಗಡಿಯ ಯಜಮಾನರು ಕರೆದು ಹೇಳಿದರು: ‘ನೋಡಮ್ಮ, ಈ ಅಂಗಡಿಯವರಿಗೆ ತಮ್ಮ ಕೆಲಸದ ಮೇಲೇ ನಂಬಿಕೆ ಇಲ್ಲ ಅಂತ ಜನ ಆಡ್ಕೊಳ್ತಿದಾರೆ. ಇನ್ನೊಬ್ಬ ಗಿರಾಕೀನ ವಾಪಸ್ ಕರೆಸಿದ್ರೆ ನಿನ್ನನ್ನ ಕೌಂಟರಲ್ಲಿ ಕೂರಿಸಬೇಕಾಗುತ್ತೆ. ನನಗೂ ಇಷ್ಟ ಇಲ್ಲ ಅದು.’

ಸಂಜೆ ತಟ್ಟೆಯ ಮುಂದೆ ಕೂತವಳು ಕೈಯಾಡಿಸುತ್ತಲೇ ಇದ್ದಳು. ಅತ್ತೆ ನೋಡುವಷ್ಟು ಹೊತ್ತು ನೋಡಿದರು.

‘ಊಟ ಇಲ್ಲಿದೆ. ನೀನೆಲ್ಲಿದೀಯೇ?’

‘ಅಂಗಡೀಲೇ ಇದೀನಿ, ಅತ್ತೆ.’ ಅಷ್ಟು ಹೇಳುವಾಗಲೇ ಕಣ್ಣು ತುಂಬಿತು. ಉಳಿದದ್ದನ್ನೂ ಹೇಳಿಬಿಟ್ಟಳು.

ಅತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಶುರುಮಾಡಿದರು.

‘ನಮ್ಮ ವಾರ್ಡಲ್ಲಿ ಒಬ್ಬಮ್ಮ ಇದ್ರು. ಗಂಟೆ ಬಾರಿಸೋರು, ಜ್ವರ ಬಂತಾ ನೋಡಿ ಅನ್ನೋರು. ಇಲ್ಲ ಅಂದ್ರೆ ಹತ್ತು ನಿಮಿಷ ಸುಮ್ನೆ. ಮತ್ತೆ ಗಂಟೆ. ಒಂದಿನ ದೊಡ್ಡ ಡಾಕ್ಟ್ರು ಅಂದ್ರು, ಸಿಸ್ಟರ್, ಥರ್ಮಾಮೀಟರ್ ಇವರ ಭಯಕ್ಕೆ ಔಷಧಿ ಅಲ್ಲ, ಅದನ್ನ ಬೆಳೆಸೋ ಊಟ. ಬೆಳಿಗ್ಗೆ ಒಂದ್ಸಲ ನೋಡಿ, ಸಂಜೆ ಒಂದ್ಸಲ, ಸಾಕು ಅಂತ. ಆಯಮ್ಮಂಗೂ ಎಲ್ಲಾ ತಿಳಿಸಿ ಹೇಳಿದ್ರು. ಮೊದಲನೇ ದಿನ ಪಾಪ, ಒಂದೇ ಸಮನೆ ಅತ್ರು. ನಾನು ಕೈ ಹಿಡ್ಕೊಂಡು ಕೂತಿದ್ದೆ. ಥರ್ಮಾಮೀಟರ್ ಮಾತ್ರ ಇಡಲಿಲ್ಲ.’

‘ಆಮೇಲೆ?’

‘ಗಂಟೆ ಬಾರಿಸೋದು ಕಡಿಮೆ ಆಯ್ತು. ಪೂರ್ತಿ ನಿಂತುಹೋಯ್ತಾ ಅಂತ ಕೇಳ್ಬೇಡ, ಸುಳ್ಳು ಹೇಳೋಕೆ ಬರಲ್ಲ ನಂಗೆ. ನಿನ್ನ ಯಂತ್ರಾನೂ ಅಷ್ಟೇ ಕಣೆ. ಒಂದ್ಸಲ ನೋಡಿದ್ರೆ ಕೆಲಸ. ಒಂಬತ್ತು ಸಲ ನೋಡಿದ್ರೆ ಆ ಭಯಕ್ಕೆ ಕೈತುತ್ತು.’

ಮಾರನೆಯ ದಿನ ಅವಳು ಒಂದು ಕ್ರಮ ಮಾಡಿಕೊಂಡಳು. ರಿಪೇರಿಯಣ್ಣ ಡಾಕ್ಟರ ಚೀಟಿ ಓದಬೇಕು, ಅವಳು ಯಂತ್ರದಲ್ಲಿ ಕಂಡ ನಂಬರು ಹೇಳಬೇಕು, ಎರಡೂ ಹೊಂದಿದರೆ ಚೀಟಿಯ ಮೇಲೊಂದು ಗೀಟು. ಗೀಟು ಬಿದ್ದಮೇಲೆ ಕನ್ನಡಕ ಮುಟ್ಟುವಂತಿಲ್ಲ. ಮೊದಲ ವಾರ ಅವಳ ಪಾಲಿಗೆ ಒಂದು ವರ್ಷವಾಯಿತು. ಫೋನಿನತ್ತ ಹೋಗುವ ಕೈಯನ್ನು ತೊಡೆಯ ಕೆಳಗೆ ಅದುಮಿ ಕೂರುತ್ತಿದ್ದಳು. ‘ಎಲ್ಲ ಸರಿಯಾಗಿರಲಿ ದೇವರೇ’ ಎಂದು ಏಳೆಂಟು ಸಲ ಬೇಡುತ್ತಿದ್ದವಳಿಗೆ, ಇದೂ ಯಂತ್ರ ನೋಡಿದ ಹಾಗೇ ಆಯಿತಲ್ಲ ಎಂದು ಹೊಳೆಯಿತು. ಒಂದೇ ಸಲ ಬೇಡಿ ಸುಮ್ಮನಾಗುವುದನ್ನು ಕಲಿತಳು. ದೇವರಿಗೇನು ಕಿವಿ ಮಂದವೇ?

ಹೀಗೆ ಎರಡು ತಿಂಗಳು ಒಬ್ಬ ಗಿರಾಕಿಯನ್ನೂ ವಾಪಸು ಕರೆಸಲಿಲ್ಲ. ಆಗ ಒಬ್ಬ ಬಸ್ ಡ್ರೈವರು ಬಂದ. ಗುಂಡು ಫ್ರೇಮು.

ಚೀಟಿ ಓದಿದ್ದಾಯಿತು, ಗೀಟು ಬಿತ್ತು, ಅವನು ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿ, ‘ಪರವಾಗಿಲ್ಲ, ಮೇಷ್ಟ್ರ ಥರ ಕಾಣ್ತೀನಿ’ ಎಂದು ಹೊರಟ. ಆ ಒಂದು ಮಾತು ಸಾಕಾಯಿತು. ಎಡಬಲ ಸರಿಯಾಗಿತ್ತಾ? ತಿರುವು, ಎದುರಿಂದ ಬರುವ ಲಾರಿ, ಬಸ್ಸಿನ ತುಂಬ ಜನ. ಅವಳ ಅಂಗೈ ಬೆವರಿತು. ಮುಂದಿನ ಫ್ರೇಮು ಎತ್ತಿಕೊಂಡಳು. ಗಾಜು ಜಾರಿತು. ಒರೆಸಿ ಮತ್ತೆ ಹಿಡಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನರಿಗೆ ತಡೆಯಲಾಗಲಿಲ್ಲ.

‘ಗಾಜಕ್ಕ, ಅವನು ಎದುರುಗಡೆ ಟೀ ಅಂಗಡೀಲೇ ಇದಾನೆ. ಸ್ಕ್ರೂ ಬಿಗಿ ಮಾಡ್ಬೇಕು ಅಂತೇನಾದ್ರೂ ಹೇಳಿ ನಾನೇ ಇಸ್ಕೊಂಡು ಬರ್ತೀನಿ. ನೋಡಿಬಿಡು. ಅವತ್ತು ಹೇಳಿದ್ದನ್ನ ಮರೆತುಬಿಡಮ್ಮ, ನಿನ್ನ ಮುಖ ನೋಡೋಕಾಗ್ತಿಲ್ಲ.’

ಅವಳು ಗಾಜನ್ನು ಬೆಳಕಿಗೆ ಹಿಡಿದೇ ಇದ್ದಳು.

‘ಬೇಡ ಯಜಮಾನ್ರೆ. ನಂಗೆ ಹೆದರಿಕೆ ಆಗ್ತಿದೆ, ಅಷ್ಟೇ. ಅವರು ಟೀ ಕುಡೀಲಿ, ಬಿಡಿ.’