ನೀರು ಸುರಿದು ನೋಡಿದ ಮೇಸ್ತ್ರಿ

ನಮ್ಮ ಮನೆಯ ಮುಂದೆ ಕಾಂಕ್ರೀಟು ಹಾಕಲು ಬಂದ ಮೇಸ್ತ್ರಿ ಮೊದಲ ದಿನ ಮಾಡಿದ ಕೆಲಸ ಒಂದೇ. ಒಂದು ಬಿಂದಿಗೆ ನೀರು ಕೇಳಿ ಇಸಕೊಂಡು, ಅಂಗಳದ ಎತ್ತರದ ಮೂಲೆಯಲ್ಲಿ ಸುರಿದು, ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಮಧುಗಿರಿಯ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವುದು ವಾರಕ್ಕೆ ಎರಡು ಸಲ. ಚೆಲ್ಲಿದ ಬಿಂದಿಗೆ ನೋಡಿ ನನಗೆ ಮೈ ಉರಿಯಿತು.

ನನ್ನ ಗಂಡ ಹಳೆಯ ಕಾರೊಂದನ್ನು ಕೊಂಡಿದ್ದರು. ಅದು ರಸ್ತೆಯಲ್ಲೇ ನಿಲ್ಲುತ್ತಿತ್ತು. ಅಂಗಳದ ಚಪ್ಪಡಿ ಕಲ್ಲು ಕೀಳಿಸಿ, ರಸ್ತೆಯಿಂದ ಜಗಲಿಯವರೆಗೆ ಕಾಂಕ್ರೀಟು ಹಾಕಿಸುವ ಹೊಣೆ ನನ್ನ ತಲೆಗೆ ಬಂತು. ಮೊದಲು ಬಂದವನು ಶಿರಾದ ಒಬ್ಬ ಕಂಟ್ರಾಕ್ಟರು. ಕಾರಿಂದ ಇಳಿಯದೆಯೇ ಅಂಗಳ ನೋಡಿ, ಮೊಬೈಲಿನಲ್ಲಿ ಹತ್ತು ಅಂಗಳಗಳ ಫೋಟೋ ತೋರಿಸಿ, ಮೇಡಂ ನೀವು ಟೆನ್ಶನ್ ಮಾಡ್ಕೋಬೇಡಿ ಎಂದು ಹೊರಟುಹೋದ. ಅಷ್ಟು ಸಲೀಸು ನನಗೆ ಹಿಡಿಸಲಿಲ್ಲ. ನಾನು ಪಾಠ ಹೇಳುವ ಕೊರಟಗೆರೆ ಶಾಲೆಯಲ್ಲಿ ಪಾವಗಡದ ಕಡೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಅವರು ತಮ್ಮ ಊರಿನ ಈ ಮೇಸ್ತ್ರಿಯನ್ನು ಕಳಿಸಿದರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಆಡಿದರೆ ಅರ್ಧ ತೆಲುಗು.

ಸುರಿದ ನೀರು ಅತ್ತಿತ್ತ ನೋಡದೆ ನೇರ ಪಕ್ಕದ ಮನೆಯ ಹೊಸಿಲಿಗೆ ಹೋಗಿ ನಿಂತಿತು. ಮೇಸ್ತ್ರಿ ಎದ್ದು ಮಂಡಿ ಒರೆಸಿಕೊಂಡರು.

"ಅಮ್ಮಾ, ಆ ಮನೇವ್ರನ್ನ ಒಂದ್ ಮಾತು ಕೇಳ್ಬುಟ್ಟು ಬನ್ನಿ. ಮಣ್ಣಾದ್ರೆ ನಾಳೆ ಸನಿಕೇಲಿ ತಿದ್ಕೋಬೋದು. ಇದು ಗಟ್ಟಿಯಾದ್ರೆ ಮುಗೀತು. ಅವ್ರು ಏನಂತಾರೆ ಅಂತ ತಿಳೀದೆ ನಾನು ಕೈ ಹಾಕಲ್ಲ."

ಪಕ್ಕದ ಮನೆ ನನ್ನ ಗಂಡನ ಅಣ್ಣನದು. ಅವರ ಹೆಂಡತಿ, ಅಂದರೆ ನನ್ನ ಓರಗಿತ್ತಿ, ನನಗೆ ಅಕ್ಕ. ನಾಲ್ಕು ವರ್ಷದಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ. ನನ್ನ ಮಗಳ ಮದುವೆಯಲ್ಲಿ ಆರತಿಗೆ ಹಿರಿಯ ಸೊಸೆಯಾದ ಅವರನ್ನು ಮೊದಲು ಕೂಗಬೇಕಿತ್ತು. ಗಡಿಬಿಡಿಯಲ್ಲಿ ನನ್ನ ತಂಗಿಯನ್ನು ಕೂಗಿದೆ. ಅವರು ಊಟ ಮಾಡದೆ ಎದ್ದು ಹೋದರು. ನನ್ನ ತಪ್ಪು ನನಗೆ ಗೊತ್ತಿತ್ತು, ಆದರೂ ಊಟ ಬಿಟ್ಟು ಹೋದದ್ದೇ ದೊಡ್ಡ ತಪ್ಪು ಎಂದು ಗಟ್ಟಿಯಾಗಿ ಹಿಡಿದುಕೊಂಡೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಮಕ್ಕಳಿಂದ ಕಾಪಿ ಬರೆಸುವವಳು ನಾನು.

ಅದೆಲ್ಲ ಮೇಸ್ತ್ರಿಗೆ ಹೇಳಲಾದೀತೇ? ನಿಮ್ಮ ಕೆಲಸ ನೀವು ಮಾಡಿ, ಮನೆತನದ ವಿಚಾರ ನಿಮಗೆ ಬೇಡ ಎಂದೆ. ಅವರಿಗೆ ಬೇಸರವೂ ಆದಂತೆ ಕಾಣಲಿಲ್ಲ. ನೀಳ್ಳು ಅಬದ್ಧಂ ಚೆಪ್ಪವು, ನೀರು ಸುಳ್ಳು ಹೇಳಲ್ಲಮ್ಮ ಎಂದು ಹೇಳಿ, ಮೊಪೆಡ್ ಹತ್ತಿ ಹೊರಟೇಬಿಟ್ಟರು. ಬಂದ ಕೆಲಸವನ್ನು ಹೀಗೆ ಬಿಟ್ಟು ಹೋಗುವ ಗುತ್ತಿಗೆದಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹಠಕ್ಕೆ ಶಿರಾದವನಿಗೆ ಫೋನು ಮಾಡಿದೆ. ಸೋಮವಾರವೇ ಬರುತ್ತೇನೆಂದ. ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಯಾರೂ ಇಲ್ಲದ್ದು ನೋಡಿ ನಾನೇ ಒಂದು ಬಿಂದಿಗೆ ಸುರಿದೆ. ನೀರು ಮತ್ತೆ ಅಲ್ಲಿಗೇ ಹೋಯಿತು. ಅದರ ಹಿಂದೆಯೇ ನಾನೂ ಹೋದೆ.

ಅಕ್ಕ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ನಿಂತೇ, ತಡವರಿಸಿಕೊಂಡು, ಕಾಂಕ್ರೀಟಿನ ವಿಷಯ ಹೇಳಿದೆ. ನೀರು ನಿಮ್ಮ ಬಾಗಿಲಿಗೆ ಬರಬಹುದೇನೋ ಎಂದೆ. ಅವರು ತಲೆ ಎತ್ತಲಿಲ್ಲ.

"ಬರ್ಬೋದು ಏನು, ಬತ್ತಾನೇ ಅದೆ. ಮದ್ವೆಗೆ ಅಂತ ನೀನು ಚಪ್ಪಡಿ ಹಾಕಿಸ್ದಾಗಿಂದ. ಮಳೆ ಬಂದಾಗೆಲ್ಲ ಹೊಸ್ಲಿಗೆ ಗೋಣಿಚೀಲ ಇಕ್ತೀನಿ."

ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ಮಾತೇ ಇರ್ಲಿಲ್ವಲ್ಲಮ್ಮ ನಮಗೆ."

ನನಗೆ ನಿಂತ ನೆಲವೇ ಬಿರಿಯಬಾರದೇ ಅನ್ನಿಸಿತು. ನಾಲ್ಕು ಮಳೆಗಾಲ ಆಕೆ ನನ್ನ ಅಂಗಳದ ಕೊಳೆನೀರನ್ನು ಗುಡಿಸಿದ್ದಾರೆ, ನಾನು ಕಿಟಕಿ ಮುಚ್ಚಿಕೊಂಡು ಬೆಚ್ಚಗೆ ಕೂತಿದ್ದೇನೆ. ತಪ್ಪಾಯ್ತಕ್ಕ, ಇದೂ ತಪ್ಪು, ಆವತ್ತಿನ ಆರತಿಯೂ ತಪ್ಪು ಎಂದೆ. ಹಾಕಿಸಿಕೋ ಹೋಗು, ನೀರು ಬಂದಾಗ ನೋಡೋಣ ಎಂದಷ್ಟೇ ಹೇಳಿ ಅಕ್ಕ ಹುಣಸೆಹಣ್ಣಿಗೆ ಕೈ ಹಾಕಿದರು.

ಶಿರಾದವನಿಗೆ ಬೇಡವೆಂದೆ. ಮೇಸ್ತ್ರಿಗೆ ಫೋನು ಮಾಡಿ, ಒಂದು ಹನಿಯೂ ಆ ಕಡೆ ಹೋಗಬಾರದು ಎಂದೆ. ಹಂಗಾದ್ರೆ ನಿಮ್ಮ ಮೆಟ್ಟಿಲ ಮುಂದಿನಿಂದ ತಿರುಗಿಸಬೇಕು, ಮಳೆಗಾಲದಲ್ಲಿ ನಿಮ್ಮ ಕಾಲೇ ನೆನೆಯುತ್ತೆ, ಆದೀತಾ ಎಂದು ಕೇಳಿದರು. ನೆನೆಯಲಿ ಎಂದೆ.

ಆಮೇಲೆ ಅವರ ಕೆಲಸ ನೋಡುವುದೇ ಒಂದು ಸುಖ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮೂಲೆ ಮೂಲೆಗೂ ಮಟ್ಟ ಹಿಡಿದರು. ಅಕ್ಕನ ಮನೆಯ ಕಡೆ ಎತ್ತರಿಸಿ, ನಮ್ಮ ಮೆಟ್ಟಿಲ ಮುಂದೆ ಅಂಗೈ ಅಗಲದ ತಗ್ಗು ಬಿಟ್ಟು, ಅದನ್ನು ರಸ್ತೆಯ ಚರಂಡಿಗೆ ಸೇರಿಸಿದರು. ಕಲಸುವವರು ಸುಲಭವಾಗಲಿ ಎಂದು ಒಂದು ಬಕೆಟ್ ನೀರು ಹೆಚ್ಚಿಗೆ ಹಾಕಿದ್ದಕ್ಕೆ ಅಷ್ಟನ್ನೂ ಪಕ್ಕಕ್ಕೆ ಸರಿಸಿ ಹೊಸದಾಗಿ ಕಲಸಿಸಿದರು. ಬೈಗುಳವಿಲ್ಲ, ಕೂಗಾಟವಿಲ್ಲ. ಕರಣೆ ಹಿಡಿದ ಕೈ ಮಗುವಿನ ಬೆನ್ನು ಸವರಿದಷ್ಟು ಹಗುರ. ಆಮೇಲೆ ಮಣ್ಣಿನ ಪುಟ್ಟ ಬದು ಕಟ್ಟಿ ಬಿರುಕು ಬಿಡದಂತೆ ಹತ್ತು ದಿನ ಅದರೊಳಗೆ ನೀರು ನಿಲ್ಲಿಸಲು ಹೇಳಿದರು. ಕುಡಿಯುವ ನೀರು ಬಿಟ್ಟು ಉಳಿದದ್ದನ್ನೆಲ್ಲ ಅದಕ್ಕೇ ಸುರಿದೆ. ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳಿಗೆ ಪಾಠ ಹೇಳಿದವರು ಆ ಮನುಷ್ಯ, ಅದೂ ಒಂದು ಬಿಂದಿಗೆ ನೀರಿನಲ್ಲಿ.

ಮಳೆ ಬಂದದ್ದು ತಿಂಗಳ ಮೇಲೆ, ಒಂದು ಸಂಜೆ. ಎಂಥ ಮಳೆ! ನಾನು ಸೆರಗು ತಲೆಗೆ ಹಾಕಿಕೊಂಡು ಮೆಟ್ಟಿಲಿಳಿದು ನಿಂತೆ. ಅಕ್ಕ ಗೋಣಿಚೀಲ ಹಿಡಿದುಕೊಂಡು ಬಾಗಿಲಿಗೆ ಬಂದರು. ನೀರು ನನ್ನ ಪಾದ ತೊಳೆದುಕೊಂಡು ತಗ್ಗಿನಲ್ಲಿ ಚರಂಡಿಗೆ ಓಡುತ್ತಿತ್ತು. ಅದನ್ನೇ ನೋಡುತ್ತ ಅಕ್ಕ ಗೋಣಿಚೀಲ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು.

"ನೀರು ಬರ್ಲಿಲ್ಲ ಕಣಮ್ಮ," ಎಂದರು. "ನೀನಾದ್ರೂ ಬಾ."